ಕೇಳಿದ್ದಕ್ಕೆ ಮಾತ್ರ ಉತ್ತರ

೧೨ ಫೆಬ್ರವರಿ

ನಟ್ಟು,

ಪತ್ರದ ತಲೆಗೆ ಕ್ಷೇಮ ಅಂತ ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ, ಬರೆದರೆ ನೀನು ನಂಬುವುದೂ ಇಲ್ಲ. ಬದುಕಿದ್ದೇನೆ, ಹೊತ್ತು ಹೊತ್ತಿಗೆ ಹಸಿವಾಗುತ್ತಿದೆ, ನೀರಿನ ಮೋಟರಿನ ವಿಷಯಕ್ಕೆ ಮೇಲಿನ ಮನೆಯ ಟೈಲರಮ್ಮನ ಜೊತೆ ಜಗಳವಾಡುವಷ್ಟು ಶಕ್ತಿ ಇದೆ.

ಬಂದರಿನಿಂದ ಫೋನ್ ಮಾಡಿ ದುಡ್ಡು ದಂಡ ಮಾಡಬೇಡ. ಒಂದು ಆಯುಷ್ಯ ಎಂಜಿನ್ ರೂಮಿನಲ್ಲಿ ಕಳೆದ ಕಿವಿ ಇದು, ಹೋದ ಸಲ ನೀನು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಬರೀ ಗುಂಯ್ ಅನ್ನುವ ಸದ್ದು. ಹಡಗಿನ ಇ-ಮೇಲ್ ನಿಮ್ಮ ಕ್ಯಾಪ್ಟನ್ ಮೇಜಿನ ಮೇಲೆ ಹಾದು ಬರುತ್ತದೆ. ನನ್ನ ಮೈಯ ಕಥೆ ಅವನಿಗೆ ಯಾಕೆ? ಬಂದರಿನಲ್ಲಿ ಹಡಗಿಗೆ ಬರುವ ಕಂಪನಿಯ ಏಜೆಂಟ್ ಕೈಗೆ ಸೇರುವ ಹಾಗೆ ಕಾಗದವೇ ಬರೆಯುತ್ತೇನೆ.

ಅಂಗಾಲಿನ ಗಾಯ ಒಣಗಿದೆ. ಆ ಕಪ್ಪು ಕಲೆಯನ್ನು ಎಣ್ಣೆ ಮಸಿ ಅಂದುಕೊಂಡು ವರ್ಷವಿಡೀ ಕಲ್ಲಿನಿಂದ ಉಜ್ಜಿದೆ ಅಂತ ಹೇಳಿದಾಗ ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ಮೆಲನೋಮ ಅಂದರೆ ಚರ್ಮದ ಕ್ಯಾನ್ಸರುಗಳಲ್ಲಿ ಕಡು ಕೆಟ್ಟದ್ದು ಅಂತ ನಿನಗೆ ಆಗಲೇ ಬರೆದಿದ್ದೆ. ಕಲೆಯನ್ನು ಕತ್ತರಿಸಿ ತೆಗೆದರೂ ಅದು ಅಷ್ಟರಲ್ಲಿ ತೊಡೆಸಂದಿಗೆ ಏರಿ ಗಂಟಾಗಿತ್ತು, ಶ್ವಾಸಕೋಶದಲ್ಲೂ ಎರಡು ಕಡೆ ಬೀಡುಬಿಟ್ಟಿತ್ತು.

ಹೋದ ವಾರ ಮೊದಲನೆಯ ಡ್ರಿಪ್ ಆಯಿತು. ಇದಕ್ಕೆ ಇಮ್ಯುನೋಥೆರಪಿ ಅನ್ನುತ್ತಾರೆ. ವಿಷ ಹಾಕಿ ಕೊಲ್ಲುವ ಚಿಕಿತ್ಸೆಯಲ್ಲ. ನಮ್ಮ ಮೈಯಲ್ಲೇ ಕಾವಲು ಪಡೆ ಇರುತ್ತದಂತೆ, ಕ್ಯಾನ್ಸರು ಅದರ ಬ್ರೇಕು ಒತ್ತಿ ಹಿಡಿದು ಸುಮ್ಮನಿರಿಸುತ್ತದಂತೆ, ಈ ಔಷಧಿ ಬ್ರೇಕು ಬಿಡಿಸುತ್ತದಂತೆ. ಹಾಗಾದರೆ ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರನ್ನೇ ಕಿತ್ತ ಹಾಗಾಯಿತು, ಮಿತಿಮೀರಿ ಓಡಿದರೆ ಗತಿ ಏನು ಅಂತ ಕೇಳಿದೆ. ಅದಕ್ಕೇ ಮೈಯಲ್ಲಿ ಸಣ್ಣ ಬದಲಾವಣೆ ಕಂಡರೂ ಹೇಳಬೇಕು ಅಂದರು. ಆಗಲಿ ಅಂದೆ. ಮೂರು ವಾರಕ್ಕೊಂದರಂತೆ ಇನ್ನೂ ಮೂರು ಇವೆ.

ನಿನ್ನ ಕರಾರು ಮಾರ್ಚಿಗೆ ಮುಗಿಯಬೇಕಲ್ಲ? ಸುಮ್ಮನೆ ಕೇಳಿದೆ. ಅವಸರವೇನೂ ಇಲ್ಲ.

ಚೀಫ್ ಎಂಜಿನಿಯರ್, ನಿವೃತ್ತ

◆

೨೭ ಫೆಬ್ರವರಿ

ಚೀಫ್ ಸಾಹೇಬರಿಗೆ ಸೆಕೆಂಡ್ ಎಂಜಿನಿಯರಳ ಸಲಾಮು,

ನಿಮ್ಮ ಪತ್ರವನ್ನು ಏಜೆಂಟ್ ತನ್ನ ಊಟದ ಡಬ್ಬಿಯ ಜೊತೆ ತಂದ. ಅದಕ್ಕೆ ಹತ್ತಿದ ಎಣ್ಣೆ ಜಿಡ್ಡು ಎಂಜಿನ್ನಿನದಲ್ಲ, ಅವನ ಪಲ್ಯದ್ದು.

ಇಲ್ಲಿ ಬಂದರಿನ ತಪಾಸಣೆ ಮುಗಿಯಿತು. ಎರಡನೆಯ ಕೂಲಿಂಗ್ ಪಂಪು ಸೋರುತ್ತಿತ್ತು. ಇನ್ಸ್‌ಪೆಕ್ಟರ್ ಏಣಿ ಇಳಿಯುವ ಹೊತ್ತಿಗೆ ಒರೆಸಿ ಲಕಲಕ ಮಾಡಿದ್ದೆ. ಪಂಪು ಓಡುತ್ತದಾ ಅಂತ ಕೇಳಿದರು. ಓಡುತ್ತದೆ ಅಂದೆ. ಸೋರುತ್ತದಾ ಅಂತ ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ, ಮಿಕ್ಕಿದ್ದು ನಮ್ಮ ಮನೆಯ ವಿಷಯ: ನೀವು ಕಲಿಸಿದ ಮೊದಲ ಪಾಠ ಅದೇ ಅಲ್ಲವೇ? ಹೇಳಿದ್ದರೆ ಹಡಗನ್ನು ಹಿಡಿದು ಕಟ್ಟಿಹಾಕುತ್ತಿದ್ದರು. ಹೊರಟ ಮೇಲೆ ಸಮುದ್ರದಲ್ಲಿ ರಿಪೇರಿ ಮಾಡಿಕೊಂಡೆವು.

ಕರಾರಿನ ವಿಷಯ. ಮಾರ್ಚಿಗೆ ಇಳಿಯುವುದು ಕಷ್ಟ ಅಪ್ಪ. ನನ್ನ ಜಾಗಕ್ಕೆ ಆಫೀಸಿನವರಿಗೆ ಜನ ಸಿಗುತ್ತಿಲ್ಲವಂತೆ. ಇನ್ನೊಂದು ಮೂರು ತಿಂಗಳು ತಳ್ಳಬೇಕು.

ಒಂದು ಮಾತು ನಡೆಸಿಕೊಡಿ. ಏನೇ ಆಗಲಿ, ಡ್ರಿಪ್ ನಿಲ್ಲಬಾರದು. ಸುಸ್ತಾದರೆ, ಮೈ ಕೈ ನೋವಾದರೆ ಹಲ್ಲು ಕಚ್ಚಿ ತಡೆದುಕೊಳ್ಳಿ. ನಾಲ್ಕೂ ಮುಗಿಯಲಿ. ನನಗೋಸ್ಕರ.

ನಟ್ಟು
(ಚಿಕ್ಕಂದಿನಲ್ಲಿ ನುಂಗಿದ್ದು ಒಂದೇ ಒಂದು, ಹೆಸರು ಮಾತ್ರ ಜನ್ಮಕ್ಕೆ ಅಂಟಿಕೊಂಡಿತು)

◆

೧೪ ಮಾರ್ಚ್

ನಟ್ಟು,

ಎರಡನೆಯದೂ ಆಯಿತು. ತೊಡೆಯ ಗಂಟು ಮೆತ್ತಗಾಗಿದೆ. ಮೊದಲು ಬೆರಳಿಗೆ ಗೋಲಿಯ ಹಾಗೆ ಸಿಗುತ್ತಿತ್ತು, ಈಗ ಹುಡುಕಬೇಕು. ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ. ಟೈಲರಮ್ಮ ಕಿಟಕಿಯಿಂದ ನೋಡಿ ಏನಂದುಕೊಂಡಳೋ, ಎರಡು ದಿನ ಮುಖ ತಿರುಗಿಸಿದಳು.

ಡ್ರಿಪ್ ಕೋಣೆಯಲ್ಲಿ ಆರು ಕುರ್ಚಿ. ನನ್ನ ಪಕ್ಕ ಒಬ್ಬರು ಮೇಷ್ಟ್ರು ಕೂರುತ್ತಿದ್ದರು, ನನ್ನದೇ ರೋಗ, ನನ್ನದೇ ಔಷಧಿ. ಈ ಸಲ ದೊಡ್ಡ ಸಿಸ್ಟರ್ ವಿಚಾರಿಸಿದಾಗ ಮೂತ್ರ ಕಡು ಹಳದಿ ಹೋಗುತ್ತಿದೆ ಅಂತ ತಾವಾಗಿ ಬಾಯಿಬಿಟ್ಟರು. ರಕ್ತ ಪರೀಕ್ಷೆ ಮಾಡಿ, ಲಿವರ್ ಕೆಟ್ಟಿದೆ ಅಂತ ಡ್ರಿಪ್ ಹಾಕದೆ ಕಳಿಸಿಬಿಟ್ಟರು. ಮೇಷ್ಟ್ರು ಚೀಲ ಹಿಡಿದುಕೊಂಡು ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದರು. ಆ ಕುರ್ಚಿಯಲ್ಲಿ ಈಗ ಬೇರೆ ಯಾರೋ.

ದೊಡ್ಡ ಸಿಸ್ಟರ್ ಥೇಟ್ ಬಂದರಿನ ಇನ್ಸ್‌ಪೆಕ್ಟರ್. ಊಟ ಸೇರುತ್ತದಾ? ಸೇರುತ್ತದೆ. ನಿದ್ದೆ? ಬರುತ್ತದೆ. ಹೊಟ್ಟೆ? ಇದೆ. ಅವರೂ ನಕ್ಕರು, ನಾನೂ ನಕ್ಕೆ. ಸಹಿ ಹಾಕಿ ಮುಂದೆ ಹೋದರು.

ಬೆಲ್ಟಿಗೆ ಹೊಸ ತೂತು ಕೊರೆದಿದ್ದೇನೆ. ಈ ವಯಸ್ಸಿನಲ್ಲಿ ಹೊಟ್ಟೆ ಕರಗಿಸಿದವನು ನಾನೊಬ್ಬನೇ ಇರಬೇಕು. ಬೆಳಿಗ್ಗೆ ಪೇಪರನ್ನು ಬಚ್ಚಲಮನೆಯಲ್ಲೇ ಕೂತು ಓದುತ್ತೇನೆ. ತಂಪಾಗಿರುತ್ತದೆ.

ಟೈಲರಮ್ಮನ ತಮ್ಮನಿಗೆ ಭೇದಿ ಹತ್ತಿದೆ. ನಿಮ್ಮ ಹಡಗಿನ ಔಷಧಿ ಪೆಟ್ಟಿಗೆಯಲ್ಲಿ ಭೇದಿ ಕಟ್ಟುವ ಸಣ್ಣ ಮಾತ್ರೆ ಇರುತ್ತದಲ್ಲ, ದಿನಕ್ಕೆ ಹೆಚ್ಚೆಂದರೆ ಎಷ್ಟು ನುಂಗಬಹುದು ಅಂತ ನೋಡಿ ಬರಿ. ನನ್ನ ಹತ್ತಿರ ಹಳೆಯದಿದೆ, ಮೇಲಿನ ಅಕ್ಷರ ಅಳಿಸಿಹೋಗಿದೆ.

ಅಪ್ಪ

◆

೨೫ ಮಾರ್ಚ್

ಚೀಫ್ ಸಾಹೇಬರೇ,

ಗಂಟು ಮೆತ್ತಗಾಗಿದೆ ಅನ್ನುವ ಸಾಲನ್ನು ಎಷ್ಟು ಸಲ ಓದಿದೆನೋ. ಮೆಸ್ಸಿನಲ್ಲಿ ಎಲ್ಲರಿಗೂ ನನ್ನ ಪಾಲಿನ ಸಿಹಿ ಹಂಚಿದೆ. ಕಾರಣ ಹೇಳಲಿಲ್ಲ. ಅಡುಗೆಯವನು ನನಗೆ ಮದುವೆ ಗೊತ್ತಾಗಿದೆ ಅಂತ ಸುದ್ದಿ ಹಬ್ಬಿಸಿದ್ದಾನೆ.

ಬೆಲ್ಟಿನ ತೂತಿಗೆ ಅಭಿನಂದನೆ. ಬಂದಾಗ ನನಗೂ ಒಂದು ಕೊರೆದುಕೊಡಿ.

ಟೈಲರಮ್ಮನ ತಮ್ಮನಿಗೆ: ಮೊದಲು ಎರಡು, ಆಮೇಲೆ ಪ್ರತಿ ಸಲ ಭೇದಿಯಾದಾಗ ಒಂದೊಂದು. ದಿನಕ್ಕೆ ಎಂಟು ದಾಟಬಾರದು ಅಂತ ಪೆಟ್ಟಿಗೆಯ ಮೇಲಿದೆ. ಎಂಟು ನುಂಗುವ ಸ್ಥಿತಿ ಬಂದರೆ ಆಸ್ಪತ್ರೆಗೆ ಹೋಗು ಅಂತ ಅವನಿಗೆ ಹೇಳಿ.

ಮೇಷ್ಟ್ರ ವಿಷಯ ಓದಿ ಬೇಜಾರಾಯಿತು. ನಿಮಗೆ ಹಾಗೇನೂ ಇಲ್ಲವಲ್ಲ? ಇಲ್ಲ ಅಂತ ಒಂದು ಸಾಲು ಬರೆಯಿರಿ.

ನಟ್ಟು

◆

೩ ಏಪ್ರಿಲ್

ನಟ್ಟು,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಮಲಗಿಕೊಂಡು ಬರೆಯುತ್ತಿದ್ದೇನೆ. ಮಂಚವನ್ನು ಬಚ್ಚಲಮನೆಯ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಗಾಳಿ ಚೆನ್ನಾಗಿ ಬರುತ್ತದೆ.

ಮೂರೂ ಮುಗಿದವು. ಗಂಟು ಇಲ್ಲ. ನಟ್ಟು, ಗಂಟೇ ಇಲ್ಲ! ಡಾಕ್ಟರಮ್ಮ ಒತ್ತಿ ನೋಡಿ, ಮತ್ತೆ ಒತ್ತಿ ನೋಡಿ, ಔಷಧಿ ನಿಮ್ಮನ್ನು ಹಚ್ಚಿಕೊಂಡಿದೆ ಅಂದರು. ನಾಲ್ಕನೆಯದು ಒಂಬತ್ತನೇ ತಾರೀಖು. ಅದೊಂದು ಆಗಲಿ. ಡ್ರಿಪ್ಪಿನ ಹಿಂದಿನ ದಿನ ನಾನು ಏನೂ ತಿನ್ನುವುದಿಲ್ಲ, ಪೈಪು ಖಾಲಿ ಇದ್ದರೆ ಸದ್ದಾಗುವುದಿಲ್ಲ. ಕುರ್ಚಿಯಲ್ಲಿ ಮೂರು ತಾಸು ಅಲ್ಲಾಡದೆ ಕೂತುಬಿಟ್ಟರೆ ಗೆದ್ದ ಹಾಗೆ.

ನೀನು ಕೇಳಿದ್ದಕ್ಕೆ: ಮೇಷ್ಟ್ರಿಗಾದ ಹಾಗೆ ನನಗೇನೂ ಆಗಿಲ್ಲ. ನನ್ನ ಲಿವರ್ ಸರಿಯಾಗಿದೆ.

ಟೈಲರಮ್ಮ ಗಂಜಿ ಮಾಡಿ ತಂದುಕೊಡುತ್ತಾಳೆ. ಅವಳ ಹತ್ತಿರ ನೀನು ಏನನ್ನೂ ವಿಚಾರಿಸಬೇಡ, ಬಾಯಿ ಸಡಿಲ.

ಅಪ್ಪ

◆

೭ ಏಪ್ರಿಲ್

ಅಪ್ಪಾ,

ಇದು ನಿಮ್ಮ ಕೈ ಸೇರುವ ಹೊತ್ತಿಗೆ ಆಗಬೇಕಾದದ್ದು ಆಗಿರುತ್ತದೆ. ಆದರೂ ನನ್ನ ಕೈಯಿಂದಲೇ ನಿಮಗೆ ಗೊತ್ತಾಗಲಿ.

ನಿನ್ನೆ ನಮ್ಮ ಅಡುಗೆಯವನಿಗೆ ಭೇದಿ ಶುರುವಾಯಿತು. ಎದ್ದು ನಿಲ್ಲಲಾರದ ಸ್ಥಿತಿ. ರೇಡಿಯೋದಲ್ಲಿ ದಡದ ಡಾಕ್ಟರನ್ನು ಹಿಡಿದೆವು. ಅವನ ಪಕ್ಕ ಕೂತು ನಾನೇ ಮಾತಾಡಿದೆ. ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದಾನೆ, ಕ್ಯಾನ್ಸರಿಗೆ ಇಮ್ಯುನೋಥೆರಪಿ ಏನಾದರೂ ಆಗಿದೆಯಾ ಅಂತ ಮೊದಲೇ ಕೇಳಿದರು. ಇಲ್ಲ, ಯಾಕೆ ಅಂದೆ.

"ಆ ಔಷಧಿಯವರಿಗೆ ಭೇದಿ ಅಂದ್ರೆ ಬರೀ ಭೇದಿ ಅಲ್ಲಮ್ಮ. ಮೈಯ ಕಾವಲು ಪಡೆ ಕರುಳಿನ ಮೇಲೇ ಬಿದ್ದಿರುತ್ತೆ. ಅದನ್ನ ಮಾತ್ರೆಯಲ್ಲಿ ಕಟ್ಟಿ ಮುಚ್ಚಿಟ್ರೆ ಕರುಳು ತೂತು ಬೀಳುತ್ತೆ. ಅಂಥವರು ಯಾರಾದ್ರೂ ಇದ್ರೆ ಇವತ್ತೇ ಆಸ್ಪತ್ರೆಗೆ ಸೇರಿಸಿ."

ಆಮೇಲೆ ಅವರು ಅಡುಗೆಯವನ ಬಗ್ಗೆ ಹೇಳಿದ್ದು ನನ್ನ ತಲೆಗೆ ಹತ್ತಲಿಲ್ಲ, ಪಕ್ಕದವನು ಬರೆದುಕೊಂಡ. ನನ್ನ ಕಣ್ಣ ಮುಂದೆ ನಿಮ್ಮ ಬೆಲ್ಟು ಇತ್ತು, ಬಚ್ಚಲಮನೆಯಲ್ಲಿ ಓದುವ ಪೇಪರ್ ಇತ್ತು. ತನಗೆ ಒಡಹುಟ್ಟಿದವರು ಯಾರೂ ಇಲ್ಲ ಅಂತ ಅಮ್ಮ ಇದ್ದಾಗ ಟೈಲರಮ್ಮ ಎಷ್ಟು ಸಲ ಹೇಳಿದ್ದರು, ಭೇದಿ ಹತ್ತಿದ ಆ ತಮ್ಮ ಎಲ್ಲಿಂದ ಬಂದ? ಎಂಟು ಮಾತ್ರೆ ಅಂತ ನಾನೇ ಬರೆದು ಕಳಿಸಿದೆ ಅಪ್ಪ. ಹಲ್ಲು ಕಚ್ಚಿ ತಡೆದುಕೊಳ್ಳಿ ಅಂದವಳೂ ನಾನೇ.

ನಿಮ್ಮನ್ನು ಕೇಳಿ ತಿಳಿದುಕೊಳ್ಳುವಷ್ಟು ಸಮಯ ಇರಲಿಲ್ಲ. ಕೇಳಿದ್ದರೂ ನೀವು ನಿಜ ಹೇಳುತ್ತಿರಲಿಲ್ಲ. ಕ್ಯಾಪ್ಟನ್ ಮುಂದೆ ಕೂತು, ಅವರು ಓದುತ್ತಿರುವ ಹಾಗೇ ಆಸ್ಪತ್ರೆಗೆ ಮೇಲ್ ಕಳಿಸಿದೆ: ನಮ್ಮ ತಂದೆ ಭೇದಿಯನ್ನು ಮುಚ್ಚಿಡುತ್ತಿದ್ದಾರೆ, ಮಾತ್ರೆ ನುಂಗುತ್ತಿದ್ದಾರೆ, ಕಿವಿ ಮಂದ, ಫೋನಿಗೆ ಸಿಗುವುದಿಲ್ಲ, ಕೇಳಿದರೆ ಇಲ್ಲ ಅನ್ನುತ್ತಾರೆ, ನಂಬಬೇಡಿ, ದಯವಿಟ್ಟು ಮನೆಗೇ ಹೋಗಿ.

ನಂಬಬೇಡಿ ಅಂತ ನಿಮ್ಮ ಬಗ್ಗೆ ಬರೆದೆ. ಕ್ಯಾಪ್ಟನ್ ಎದ್ದು ಹೋಗಿ ಬಾಗಿಲು ಹಾಕಿಕೊಟ್ಟರು, ನಾನು ಅಳುವುದು ಹೊರಗೆ ಕೇಳಿಸದಿರಲಿ ಅಂತ. ನನ್ನ ಅನುಮಾನವೆಲ್ಲ ಸುಳ್ಳಾಗಿರಲಿ, ನೀವು ನನ್ನನ್ನು ಬಾಯಿಗೆ ಬಂದ ಹಾಗೆ ಬೈಯಿರಿ.

ನಿಮ್ಮ ಮಗಳು

◆

೨೬ ಏಪ್ರಿಲ್

ಆಸ್ಪತ್ರೆಯ ವಾರ್ಡಿನಿಂದ.

ನಿನ್ನ ಅನುಮಾನ ಸುಳ್ಳಲ್ಲ. ಖುಷಿಯಾಯಿತಾ?

ಎಂಟನೇ ತಾರೀಖು ಬೆಳಿಗ್ಗೆ ಆಂಬುಲೆನ್ಸ್ ಮನೆ ಮುಂದೆ ಬಂದು ನಿಂತಿತು. ನಾನು ಬಾಗಿಲು ತೆಗೆಯಲಿಲ್ಲ. ಟೈಲರಮ್ಮ ತನ್ನ ಹತ್ತಿರವಿದ್ದ ಬೀಗದ ಕೈಯಿಂದ ತೆಗೆದು ದೊಡ್ಡ ಸಿಸ್ಟರನ್ನು ಒಳಗೆ ಬಿಟ್ಟಳು. ಬೀದಿಯವರೆಲ್ಲ ನೋಡುತ್ತಿದ್ದ ಹಾಗೆ ಸ್ಟ್ರೆಚರ್ ಮೇಲೆ ಹೊತ್ತು ಹಾಕಿದರು. ನಾನು ನಡೆಯುತ್ತೇನೆ ಅಂದೆ. ನಡೆಯಲು ಆಗಲಿಲ್ಲ.

ನರಕ್ಕೆ ಸ್ಟೀರಾಯ್ಡ್ ಹಾಕಿದರು. ನಾಲ್ಕನೆಯ ಡ್ರಿಪ್ ಇಲ್ಲ. ಮುಂದಕ್ಕೆ ಹಾಕಿದ್ದಲ್ಲ, ಇನ್ನು ಯಾವತ್ತೂ ಇಲ್ಲ. ಸ್ಟೀರಾಯ್ಡ್ ಅಂದರೆ ಏನು ಗೊತ್ತಾ? ಅದೇ ಕಾವಲು ಪಡೆಯನ್ನು ಹೊಡೆದು ಮಲಗಿಸುವ ಔಷಧಿ. ಎರಡು ತಿಂಗಳು ಕಷ್ಟಪಟ್ಟು ಎಬ್ಬಿಸಿದ್ದನ್ನು ಮೂರು ದಿನದಲ್ಲಿ ಮಲಗಿಸಿದರು. ಗಂಟು ಹೋಗಿತ್ತು. ಶ್ವಾಸಕೋಶದ್ದು ಉಳಿದಿದೆ. ಅದು ಈಗ ಯಾರ ಭಯವೂ ಇಲ್ಲದೆ ಬೆಳೆಯಬಹುದು.

ಮೇಷ್ಟ್ರ ಹಾಗೆ ಚೀಲ ಹಿಡಿದು ನಿಲ್ಲುವ ದಿನ ಬರಬಾರದು ಅಂತಲೇ ಅಷ್ಟು ದಿನ ತಡೆದುಕೊಂಡಿದ್ದೆ. ನೀನು ನನ್ನನ್ನು ಹಿಡಿದುಕೊಟ್ಟೆ.

ಇನ್ನೊಂದು. ಕಂಪನಿಯ ಆಫೀಸಿನ ನನ್ನ ಹಳೆಯ ಗೆಳೆಯ, ನೀನು ಮೀಸೆ ಅಂಕಲ್ ಅನ್ನುವವನು, ನನ್ನನ್ನು ನೋಡಲು ಬಂದಿದ್ದ. ನಿನ್ನ ಜಾಗಕ್ಕೆ ಫೆಬ್ರವರಿಯಲ್ಲೇ ಜನ ಸಿಕ್ಕಿದ್ದರಂತೆ. ಇಳಿಯುವುದಿಲ್ಲ, ಕರಾರು ಮುಂದುವರಿಸಿ ಅಂತ ನೀನೇ ಕೇಳಿಕೊಂಡೆಯಂತೆ. ನಾನು ನಿನಗೆ ಸುಳ್ಳು ಬರೆದೆ, ಸರಿ. ನೀನು ಬರೆದದ್ದು ಏನು?

ಇನ್ನು ಬರೆಯಬೇಡ.

◆

೧೨ ಮೇ

ಅಪ್ಪಾ,

ಬರೆಯಬೇಡ ಅಂದಿದ್ದೀರಿ, ಬರೆಯುತ್ತಿದ್ದೇನೆ. ಓದದೆ ಹರಿದು ಹಾಕಿ.

ಮೀಸೆ ಅಂಕಲ್ ಹೇಳಿದ್ದು ನಿಜ. ಜನ ಸಿಕ್ಕಿದ್ದರು. ಕಾರಣ ಬರೆಯಲು ಕೂತರೆ ಕೈ ಏಳುತ್ತಿಲ್ಲ.

ಹೊಟ್ಟೆ ಈಗ ಹೇಗಿದೆ? ಮನೆಗೆ ಕಳಿಸಿದರಾ? ಗಂಟು ಮತ್ತೆ ಬಂದಿಲ್ಲವಲ್ಲ? ಆಸ್ಪತ್ರೆಗೆ ಮೇಲ್ ಮಾಡಿದರೆ, ರೋಗಿ ಮಗಳಿಗೆ ಏನನ್ನೂ ಹೇಳಬಾರದು ಅಂತ ಬರೆದುಕೊಟ್ಟಿದ್ದಾರೆ ಅಂತ ಉತ್ತರ ಬಂತು. ನೀವು ಹಾಗೆ ಬರೆದುಕೊಟ್ಟಿದ್ದೀರಿ ಅಂದಮೇಲೆ ಪೆನ್ನು ಹಿಡಿಯುವಷ್ಟು ಶಕ್ತಿ ಬಂದಿದೆ ಅಂತ ಅಂದುಕೊಂಡೆ. ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡೆ.

ನಟ್ಟು

◆

೫ ಜೂನ್

ಅಪ್ಪಾ,

ಎರಡು ಬಂದರು ದಾಟಿದವು. ಏಜೆಂಟ್ ಹಡಗು ಹತ್ತುವ ಮೊದಲೇ ಅವನ ಕೈ ನೋಡುತ್ತೇನೆ. ಅವನೂ ಈಗ ನನ್ನ ಮುಖ ನೋಡುವುದಿಲ್ಲ.

ನೀವು ಬರೆಯದಿದ್ದರೆ ಬೇಡ. ಟೈಲರಮ್ಮನವರ ಕೈಲಾದರೂ ಒಂದು ಸಾಲು ಬರೆಸಿ. ಬೈಗುಳವಾದರೂ ಸರಿ. ಈ ತಿಂಗಳ ಕೊನೆಗೆ ಸ್ಕ್ಯಾನ್ ಇರಬೇಕು ಅಂತ ಲೆಕ್ಕ ಹಾಕಿದ್ದೇನೆ. ರಾತ್ರಿ ಪಾಳಿಯಲ್ಲಿ ಎಂಜಿನ್ ಸದ್ದು ಸ್ವಲ್ಪ ಬದಲಾದರೂ ಓಡಿ ಹೋಗಿ ಒಂದೊಂದೇ ಮೀಟರನ್ನು ಮತ್ತೆ ಮತ್ತೆ ನೋಡುತ್ತೇನೆ. ಮೊದಲು ಹೀಗೆ ಆಗುತ್ತಿರಲಿಲ್ಲ.

ನಟ್ಟು

◆

೨೧ ಜೂನ್

ನಟ್ಟು,

ನಿನ್ನ ಎರಡೂ ಕಾಗದ ಓದಿದೆ. ಹರಿಯಲಿಲ್ಲ.

ಮೊದಲು ಕೋಪಕ್ಕೆ ಬರೆಯಲಿಲ್ಲ. ಆಮೇಲೆ ಬರೆಯಲು ಮುಖ ಇರಲಿಲ್ಲ. ಮೇ ಕೊನೆಗೆ ಮನೆಗೆ ಬಂದೆ. ಸ್ಟೀರಾಯ್ಡಿಗೆ ಮುಖ ಕುಂಬಳಕಾಯಿ ಆಗಿತ್ತು, ಈಗ ಇಳಿದಿದೆ. ಕೈ ಮೇಲೆ, ಹುಬ್ಬಿನ ಹತ್ತಿರ ಬಿಳಿ ಮಚ್ಚೆ ಎದ್ದಿವೆ. ಟೈಲರಮ್ಮ ನೋಡಿ ತೊನ್ನು ಅಂತ ಕಣ್ಣೊರೆಸಿಕೊಂಡಳು. ಡಾಕ್ಟರಮ್ಮ ಅದನ್ನೇ ನೋಡಿ ಖುಷಿಪಟ್ಟರು, ಪಡೆ ಇನ್ನೂ ಎಚ್ಚರ ಇದೆ ಅನ್ನುವುದಕ್ಕೆ ಅದು ಒಳ್ಳೆಯ ಗುರುತಂತೆ. ಇಬ್ಬರ ನಡುವೆ ನಾನು ಯಾವ ಮುಖ ಮಾಡಬೇಕೋ ತಿಳಿಯಲಿಲ್ಲ.

ಸ್ಕ್ಯಾನ್ ನಿನ್ನೆ ಆಯಿತು, ಫಲಿತಾಂಶ ಇವತ್ತು ಹೇಳಿದರು. ಶ್ವಾಸಕೋಶದಲ್ಲಿದ್ದ ಎರಡರಲ್ಲಿ ಒಂದು ಕಾಣುತ್ತಿಲ್ಲ. ಇನ್ನೊಂದು ಅರ್ಧಕ್ಕಿಂತ ಚಿಕ್ಕದಾಗಿದೆ. ಔಷಧಿ ನಿಲ್ಲಿಸಿದ ಮೇಲೂ ಕೆಲವರಲ್ಲಿ ಹೀಗೆ ಕೆಲಸ ನಡೆಯುತ್ತಲೇ ಇರುತ್ತದಂತೆ. ಎಲ್ಲರಲ್ಲೂ ಅಲ್ಲ. ಎಷ್ಟು ದಿನ ಅಂತ ಅವರಿಗೂ ಗೊತ್ತಿಲ್ಲ. ಮೂರು ತಿಂಗಳಿಗೆ ಮತ್ತೆ ನೋಡುತ್ತಾರೆ. ಆದ್ದರಿಂದ ಗೆದ್ದೆವು ಅಂತ ಮೆಸ್ಸಿನಲ್ಲಿ ಸಿಹಿ ಹಂಚಬೇಡ.

ಒಂಬತ್ತನೇ ತಾರೀಖು ನಾನು ಆ ಕುರ್ಚಿಯಲ್ಲಿ ಕೂತಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟರಮ್ಮನನ್ನು ಇವತ್ತು ಕೇಳಿದೆ. ಅವರು ರಿಪೋರ್ಟಿನ ಹಾಳೆ ತಿರುವಿದರು. ಮತ್ತೆ ಕೇಳಿದೆ.

"ಕರುಳು ಆಗಲೇ ಕಾಗದದ ಹಾಗಾಗಿತ್ತು ಸಾರ್. ನಾಲ್ಕನೇ ಡ್ರಿಪ್ ಹಾಕಿದ್ರೆ ಈಗ ನೀವು ನನ್ನ ಮುಂದೆ ಕೂತಿರ್ತಿರಲಿಲ್ಲ. ನಿಮ್ಮ ಮಗಳ ಮೇಲ್ ಒಂದು ದಿನ ತಡವಾಗಿದ್ರೂ ಕಷ್ಟ ಇತ್ತು."

ಬಸ್ಸಿನಲ್ಲಿ ಬರುವಾಗ ಪಕ್ಕದವರು ಯಾಕೆ ಅಳುತ್ತೀರಿ ಅಂತ ಕೇಳಿದರು. ಕಿವಿ ಕೇಳಿಸದವನ ಹಾಗೆ ಕಿಟಕಿ ಕಡೆ ತಿರುಗಿಕೊಂಡೆ.

ಎಂಟು ಮಾತ್ರೆಯ ಮಾತನ್ನು ನೀನು ಎದೆಗೆ ಹಚ್ಚಿಕೊಂಡಿದ್ದೀಯ, ನನಗೆ ಗೊತ್ತು. ಬಿಟ್ಟುಬಿಡು. ನಿನ್ನ ಕಾಗದ ಬರುವ ಮೊದಲೇ ನಾನು ದಿನಕ್ಕೆ ಹತ್ತು ನುಂಗುತ್ತಿದ್ದೆ. ರಕ್ತ ಬೀಳುವುದನ್ನೂ ನೋಡಿದ್ದೆ. ಸಾಯುವ ಭಯಕ್ಕೆ ಸಾಯುವ ಕೆಲಸವನ್ನೇ ಮಾಡುತ್ತಿದ್ದೆ. ಹಿಡಿದುಕೊಟ್ಟೆ ಅಂತ ಬರೆದೆನಲ್ಲ, ಆ ಸಾಲನ್ನು ಹೊಡೆದು ಹಾಕಿಬಿಡು. ಕೋಪ ಪೂರ್ತಿ ಹೋಗಿಲ್ಲ. ಆದರೆ ಕಾಗದದ ಮೇಲೆ ಬೈದರೆ ನನಗೆ ತೃಪ್ತಿಯಾಗುವುದಿಲ್ಲ.

ಯಾಕೆ ಇಳಿಯಲಿಲ್ಲ ಅಂತ ನಾನು ಕೇಳುವುದಿಲ್ಲ. ಈಗ ಇಳಿದು ಬಾ.

ಅಪ್ಪ

◆

೪ ಜುಲೈ

ಅಪ್ಪಾ,

ನಾಳೆ ಇಳಿಯುತ್ತಿದ್ದೇನೆ. ಮೀಸೆ ಅಂಕಲ್ ಟಿಕೆಟ್ ಕಳಿಸಿದ್ದಾರೆ. ಈ ಕಾಗದಕ್ಕಿಂತ ಮೊದಲು ನಾನೇ ಮನೆ ಸೇರುತ್ತೇನೆ. ಆದರೂ ಬರೆದು ಅಂಚೆಗೆ ಹಾಕುತ್ತಿದ್ದೇನೆ. ಎದುರಿಗೆ ನಿಂತರೆ ನಾನು ತಮಾಷೆ ಮಾಡುತ್ತೇನೆ, ನೀವು ಬೈಯುತ್ತೀರಿ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ.

ಅಮ್ಮನ ಕೊನೆಯ ವಾರ ನೀವು ಹಡಗಿನಲ್ಲಿದ್ದಿರಿ. ಅದಕ್ಕೆ ನಾನು ನಿಮ್ಮನ್ನು ಯಾವತ್ತೂ ದೂರಿಲ್ಲ. ಆದರೆ ಆ ಮಂಚದ ಪಕ್ಕ ಒಬ್ಬಳೇ ಕೂತಿದ್ದವಳು ನಾನು. ಅವಳ ಉಸಿರು ಎಣಿಸುತ್ತಾ, ಇದೇ ಕೊನೆಯದಾ ಅಂತ ಕಾಯುತ್ತಾ ಕೂತಿದ್ದೆ. ನಿಮ್ಮ ಫೆಬ್ರವರಿಯ ಕಾಗದ ಬಂದಾಗ ಮತ್ತೆ ಅದೇ ಕೋಣೆಗೆ ಹೋಗಿ ಕೂರುವ ಧೈರ್ಯ ನನಗೆ ಬರಲಿಲ್ಲ. ದೂರದಲ್ಲಿದ್ದರೆ ನೀವು ಪತ್ರ ಬರೆಯುತ್ತಲೇ ಇರುತ್ತೀರಿ, ಪತ್ರ ಬರುತ್ತಿರುವವರೆಗೆ ನಿಮಗೆ ಏನೂ ಆಗುವುದಿಲ್ಲ ಅಂತ ಅಂದುಕೊಂಡೆ. ಏಪ್ರಿಲಿನಿಂದ ಜೂನಿನವರೆಗೆ ನಿಮ್ಮ ಪತ್ರ ಬರಲಿಲ್ಲ. ಆಗ ಅರ್ಥವಾಯಿತು, ಮಂಚದ ಪಕ್ಕ ಕೂತು ಎಣಿಸುವುದೇ ಇದಕ್ಕಿಂತ ಎಷ್ಟೋ ಮೇಲು.

ಮುಂದಿನ ಸ್ಕ್ಯಾನಿಗೆ ಜೊತೆಗೆ ಬರುತ್ತೇನೆ. ಏನೇ ಬಂದರೂ ಅದನ್ನು ನಿಮ್ಮ ಪಕ್ಕ ಕೂತು ಕೇಳಿಸಿಕೊಳ್ಳುತ್ತೇನೆ, ನಿಮಗೆ ಕೇಳಿಸದಿದ್ದರೆ ಜೋರಾಗಿ ಹೇಳುತ್ತೇನೆ. ನನಗೆ ತುಂಬಾ ಭಯ ಇದೆ ಅಪ್ಪ. ಭಯ ಇಟ್ಟುಕೊಂಡೇ ಬರುತ್ತಿದ್ದೇನೆ.

ಇದನ್ನು ನೀವು ಓದುವಾಗ ನಾನು ಒಳಗೆ ಎಲ್ಲೋ ಪಾತ್ರೆ ತೊಳೆಯುತ್ತಲೋ ಬಟ್ಟೆ ಒಣಗಿಸುತ್ತಲೋ ಇರುತ್ತೇನೆ. ಓದಿ ಮುಗಿದ ಮೇಲೆ ಏನೂ ಹೇಳುವುದು ಬೇಡ. ಟೀ ಮಾಡು ಅಂತ ಒಂದು ಸಲ ಕೂಗಿ, ಬರುತ್ತೇನೆ.

ನಟ್ಟು